ಚಂದ್ರನಿಲ್ಲದ ಕೈಲಾಸ

“ಆ ಚಂದ್ರನಾ? ಅದು ನಮ್ದೇ ಮೇಡಂ!”

ಪ್ರೆಸ್ಸಿನ ರವಿಚಂದ್ರ ಎದೆಯುಬ್ಬಿಸಿ ಹೇಳಿದ. ಈ ಒಂದು ಮಾತಿನಿಂದ ಎಷ್ಟು ಜನರ ಬುಡಕ್ಕೆ ಬಿಸಿನೀರು ಬರಲಿದೆ ಎಂದು ಅವನಿಗೇನು ಗೊತ್ತು, ಪಾಪ.

ಸಬ್ ಇನ್‌ಸ್ಪೆಕ್ಟರ್ ರಂಜಿನಿ ಕೈಯಲ್ಲಿ ಸುರುಳಿ ಸುತ್ತಿ ತಂದಿದ್ದ ಕ್ಯಾಲೆಂಡರನ್ನು ಅವನ ಮೇಜಿನ ಮೇಲೆ ಬಿಡಿಸಿ ಹಾಸಿದಳು. ಹೊಳೆಸಾಲು ಮಠದ ಕ್ಯಾಲೆಂಡರು. ನಂಜನಗೂಡಿನಿಂದ ನರಸೀಪುರದವರೆಗೆ ಮಠದ ಭಕ್ತರ ಮನೆಗಳಲ್ಲಿ ಇದು ತೂಗದ ನಡುಮನೆಯೇ ಇಲ್ಲ. ಹಿಮ ಹೊದ್ದ ಬೆಟ್ಟ, ಅದರ ಕೆಳಗೊಂದು ಕಪ್ಪನೆ ಕೊಳ, ದಂಡೆಯಲ್ಲಿ ಚೂಪು ತುದಿಯ ಮರಗಳು. ಬೆಟ್ಟದ ಎಡಕ್ಕೆ, ಆಕಾಶದಲ್ಲಿ, ಬಿದಿಗೆಯ ಚಂದ್ರ.

“ನಿಮ್ದು ಅಂದ್ರೆ?”

“ನಮ್ಮ ಹುಡುಗ ಕಂಪ್ಯೂಟರಲ್ಲಿ ಕೂರ್ಸಿದ್ದು ಕಣ್ರೀ. ಮಠದ ಚಿತ್ರದಲ್ಲಿ ಆಕಾಶ ಬಣಬಣ ಅಂತಿತ್ತು. ದಿನಾ ಆರತಿ ಎತ್ತೋ ಲಕ್ಷ್ಮೀದೇವಮ್ಮನೋರು ಇದ್ದಾರಲ್ಲ, ಅವರು ಇಲ್ಲಿಗೇ ಬಂದು ಕೂತ್ಬಿಟ್ರು. ಚಂದ್ರ ಇಲ್ದಿರೋ ಕೈಲಾಸ ಎಲ್ಲಾದ್ರೂ ಉಂಟೇನಯ್ಯ ಅಂತ. ಹಾಕ್ಕೊಟ್ವಿ. ಆವತ್ತಿಂದ ವರ್ಷಾ ವರ್ಷಾ ಅದನ್ನೇ ಹೊಡೀತಿದ್ದೀವಿ.”

“ಚಂದ್ರ ಹಾಕೋಕೆ ಮುಂಚಿನ ಫೋಟೊ ಇದ್ಯಾ?”

“ಆ ಕಂಪ್ಯೂಟರೇ ಗುಜರಿಗೆ ಹೋಯ್ತು ಮೇಡಂ.”

ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೇಬಲ್ ದಿವ್ಯ ನಿಟ್ಟುಸಿರು ಬಿಟ್ಟಳು. ರಂಜಿನಿ ಬಿಡಲಿಲ್ಲ. ಅವಳ ಮೈಯಲ್ಲಿ ಒಂಥರಾ ಹುಮ್ಮಸ್ಸು ಏರುತ್ತಿತ್ತು. ನಿನ್ನೆ ಮಠದ ಚಿತ್ರಶಾಲೆಯಲ್ಲಿ ಬಟ್ಟೆ ಸರಿಸಿ ನೋಡಿದಾಗ, ಗೋಡೆಯ ಮೇಲಿನ ಚಿತ್ರದಲ್ಲೂ ಚಂದ್ರನಿದ್ದ. ಅಚ್ಚಿನ ಚಂದ್ರನಲ್ಲ, ಎಣ್ಣೆಬಣ್ಣದಲ್ಲಿ ಬರೆದ ಚಂದ್ರ.

ಅಂದರೆ ಆ ಚಿತ್ರವನ್ನು ಬರೆದವನು ಮಠದ ಅಸಲಿ ಚಿತ್ರವನ್ನು ನೋಡಿ ಬರೆದಿಲ್ಲ. ಕ್ಯಾಲೆಂಡರು ನೋಡಿ ಬರೆದಿದ್ದಾನೆ.

ಕಥೆ ಇಷ್ಟು. ಎರಡನೇ ಮಹಾಯುದ್ಧಕ್ಕೆ ಮುಂಚೆ ಸಂಸ್ಕೃತ ಕಲಿಯಲೆಂದು ಮಠಕ್ಕೆ ಬಂದಿದ್ದ ಜರ್ಮನ್ ಪಂಡಿತನೊಬ್ಬ, ಬ್ರಿಟಿಷರು ತನ್ನನ್ನು ಹಿಡಿದೊಯ್ಯುವಾಗ, ತನ್ನ ಊರಿನ ಬೆಟ್ಟದ ಹಳೆಯ ಚಿತ್ರವನ್ನು ಅಂದಿನ ಸ್ವಾಮಿಗಳ ಕೈಗೆ ಕೊಟ್ಟು ಹೋದ. ಅವನು ಹಿಂದಿರುಗಲಿಲ್ಲ. ಚಿನ್ನದ ರೇಕಿನ ಮೈಸೂರು ಚಿತ್ರಗಳ ನಡುವೆ ಜರ್ಮನಿಯ ಬೆಟ್ಟವೂ ತೂಗಿತು. ನಮ್ಮ ಜನಕ್ಕೆ ಹಿಮದ ಬೆಟ್ಟವೆಂದರೆ ಇರುವುದು ಒಂದೇ ತಾನೆ? ಅದು ಕೈಲಾಸವಾಯಿತು. ವಿಭೂತಿ ಹಚ್ಚಿಸಿಕೊಂಡಿತು, ಆರತಿಯನ್ನೂ ಪಡೆಯಿತು.

ಕಳೆದ ಸೋಮವಾರ, ವಿಮೆ ಮಾಡಿಸಬೇಕೆಂದು ಕರೆಸಿದ್ದ ಬೆಂಗಳೂರಿನ ತಜ್ಞ ಅದನ್ನು ಮುಟ್ಟಿ ನೋಡಿ, “ಇದು ಇತ್ತೀಚಿನ ನಕಲು” ಎಂದುಬಿಟ್ಟ. ಮಠ ಅಲ್ಲೋಲಕಲ್ಲೋಲವಾಯಿತು. ಅದೇ ಸಂಜೆ ಪೊಲೀಸರು ನರಸೀಪುರದ ಬೋರ್ಡ್ ಪೇಂಟರ್ ಮಾದೇಶನನ್ನು ಹಿಡಿದು ತಂದರು. ಹೋದ ವರ್ಷ ಚಿತ್ರಶಾಲೆಯ ಗೋಡೆಗಳಿಗೆ ಬಳ್ಳಿ ಹೂವು ಬರೆದವನು ಅವನು. ಬಣ್ಣ ಬಲ್ಲವನು, ಒಳಗೆ ಓಡಾಡಿದವನು, ಪರವಾಗಿ ಮಾತಾಡಲು ದೊಡ್ಡವರಾರೂ ಇಲ್ಲದವನು. ಇನ್ನೇನು ಬೇಕು?

ಪೊಲೀಸ್ ಕಸ್ಟಡಿ ಮುಗಿಯುವ ಇಂದು, ಶುಕ್ರವಾರ ಸಂಜೆ, ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸುವುದೆಂದು ಸರ್ಕಲ್ ಇನ್‌ಸ್ಪೆಕ್ಟರ್ ರಾಜೇಂದ್ರ ತೀರ್ಮಾನಿಸಿಯಾಗಿತ್ತು. ಮಾದೇಶನ ತಾಯಿ ಪಾಪಮ್ಮ ಸೋಮವಾರದಿಂದ ಠಾಣೆಯ ಮುಂದಿನ ಹೊಂಗೆಮರದಡಿ ಕೂತಿದ್ದಳು. ಬೆಳಿಗ್ಗೆ ರಂಜಿನಿ ಜೀಪು ಹತ್ತುವಾಗ ಎದ್ದು ಬಂದು ಅಡ್ಡ ನಿಂತಿದ್ದಳು.

“ಅಳ್ತೀನಿ ಅಂದ್ಕಬೇಡ ಕಣವ್ವ. ನಾನಳಕ್ಕಿಲ್ಲ. ನನ್ ಮಗ ಬರಿಯೋನು, ಕದಿಯೋನಲ್ಲ. ಅವನ್ನ ಬುಡೋಗಂಟ ನಾನಿಲ್ಲಿಂದ ಏಳಕ್ಕಿಲ್ಲ.”

ಆ ಮಾತು ರಂಜಿನಿಯ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು.

ಜೀಪು ಹೊಳೆಸಾಲಿನ ದಾರಿ ಹಿಡಿಯಿತು. ಎರಡೂ ಕಡೆ ಕಬ್ಬು, ನಾಲೆಯಲ್ಲಿ ತುಂಬು ನೀರು. ದಿವ್ಯ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದಳು.

“ಮೇಡಂ, ಸಾಹೇಬ್ರು ಹೇಳ್ದಂಗೆ ಕೇಳ್ಬಿಡಾನ. ನಿಮಗ್ಯಾಕೆ ಈ ಉಸಾಬರಿ?”

“ಎದ್ರಿಕೆನೇನೇ ದಿವ್ಯಾ?”

“ನನಗಲ್ಲ. ನಿಮಗೇನಾದ್ರೂ ಆದ್ರೆ…”

ರಂಜಿನಿ ನಕ್ಕಳು. ಈ ಹುಡುಗಿಗೆ ತನ್ನ ಮೇಲೆ ಪ್ರಾಣ. ತನ್ನ ಮನೆಯ ಬೀಗದ ಕೈಯನ್ನೂ ಠಾಣೆಯ ಕೀಗೊಂಚಲನ್ನೂ ಕಣ್ಣು ಮುಚ್ಚಿಕೊಂಡು ಕೊಡಬಹುದಾದ ಒಂದೇ ಜೀವ ಆ ಠಾಣೆಯಲ್ಲಿದ್ದರೆ ಅದು ದಿವ್ಯ.

“ಆಗ್ಲಿ ಬಿಡು. ಆದಾಗ ನೋಡ್ಕಳವಾ.”

ಮಠದ ಜಗಲಿಯಲ್ಲಿ ರಾಜೇಂದ್ರ ಆಗಲೇ ಕುರ್ಚಿ ಹಾಕಿಸಿಕೊಂಡು ಕಾಫಿ ಕುಡಿಯುತ್ತಿದ್ದ. ಪಕ್ಕದಲ್ಲಿ ಮಠದ ಆಡಳಿತಾಧಿಕಾರಿ ಶಂಕರನಾರಾಯಣ, ಶಲ್ಯ ಹೊದ್ದ ನಿವೃತ್ತ ಪ್ರಾಂಶುಪಾಲರು. ಅವರ ಮಾತು ಬೆಣ್ಣೆ, ಆದರೆ ಮನಸ್ಸಿನಲ್ಲಿ ಏನಿದೆಯೆಂದು ಸ್ವಾಮಿಗಳಿಗೂ ತಿಳಿಯದು ಎಂದು ಊರವರು ಹೇಳುತ್ತಿದ್ದರು.

“ಬನ್ನಿ ಬನ್ನಿ, ಮತ್ತೇನು ಉಳೀತು?” ಎಂದರು.

“ಚಿತ್ರ ಇನ್ನೊಂದ್ಸಲ ನೋಡ್ಬೇಕಿತ್ತು ಸಾರ್.”

ಚಿತ್ರಶಾಲೆಯ ಬಾಗಿಲಿಗೆ ಅವಳೇ ಹಾಕಿದ ಬೀಗ, ಅದರ ಮೇಲೆ ಠಾಣೆಯ ಅರಗಿನ ಮುದ್ರೆ. ಸೋಮವಾರ ಸಂಜೆ ಹಾಕಿದ್ದು ನಿನ್ನೆ ಪಂಚರ ಮುಂದೆ ಒಡೆಯುವಾಗ ಚೂರೂ ಮುಕ್ಕಾಗಿರಲಿಲ್ಲ. ನಿನ್ನೆ ಮತ್ತೆ ಹಾಕಿದ್ದೂ ಹಾಗೇ ಇತ್ತು. ಒಡೆದು ಒಳಗೆ ಹೋದರು. ಸೋಮವಾರ ಹೊರಗಿನವನು ಮುಟ್ಟಿ ಮೈಲಿಗೆಯಾಯಿತೆಂದು, ಶುದ್ಧಿಯಾಗುವವರೆಗೆ ಇರಲಿ ಎಂದು ಶಂಕರನಾರಾಯಣರೇ ಹೊದಿಸಿದ್ದ ಕೆಂಪು ಬಟ್ಟೆ ಚಿತ್ರದ ಮೇಲೆ ಇಳಿಬಿದ್ದಿತ್ತು. ರಂಜಿನಿ ಮಾದೇಶನನ್ನು ಠಾಣೆಗೆ ಬಿಟ್ಟು ಬೀಗ ಹಾಕಲು ಬರುವ ಹೊತ್ತಿಗೆ ಬಟ್ಟೆ ಹೊದಿಸಿಯಾಗಿತ್ತು. ನಿನ್ನೆಯವರೆಗೆ ಅವಳು ಅದನ್ನು ಎತ್ತಿ ನೋಡಿರಲಿಲ್ಲ.

ಈಗ ಅವಳು ಬಟ್ಟೆಯನ್ನು ಎಳೆದು ಕೆಳಗೆ ಹಾಕಿದಳು. ಹಾಗೆ ಎಳೆದದ್ದು ಶಂಕರನಾರಾಯಣರಿಗೆ ಹಿಡಿಸಲಿಲ್ಲ. ಹಿಡಿಸದಿದ್ದರೆ ಬಿಡಲಿ.

“ಈ ಚಂದ್ರ ಇಲ್ಲಿಗೆ ಯಾವಾಗ ಬಂದ ಸಾರ್?”

“ಯಾವಾಗ ಬಂದ ಅಂದ್ರೆ? ಮೊದಲಿಂದ್ಲೂ ಇದ್ದಾನೆ. ಬೇಕಿದ್ರೆ ಯಾರ ಮನೆ ಕ್ಯಾಲೆಂಡರಾದ್ರೂ ನೋಡಿ.” ಅವರು ನಕ್ಕರು. “ನಿನ್ನೆ ನಿಮ್ಮ ಪಂಚರೇ ಕ್ಯಾಲೆಂಡರ್ ಹಿಡಿದು ತಾಳೆ ನೋಡಿ, ಕೂದಲೆಳೆ ವ್ಯತ್ಯಾಸ ಇಲ್ಲ ಅಂದ್ರಲ್ಲ.”

ನಿಜ. ತಾಳೆ ನೋಡಿದ್ದರು, ತಲೆ ಆಡಿಸಿದ್ದರು. ಪ್ರತಿ ದಿನ ರಾಹುಕಾಲ ನೋಡಲು, ಹಾಲಿನವನ ಲೆಕ್ಕ ಬರೆಯಲು ಕತ್ತೆತ್ತಿದಾಗಲೆಲ್ಲ ಆ ಚಂದ್ರ ಕಣ್ಣಿಗೆ ಬಿದ್ದೂ ಬಿದ್ದೂ, ಮಠದ ಭಕ್ತರೆಲ್ಲರ ಕಣ್ಣಲ್ಲಿ ಅವನು ಬೇರೂರಿಬಿಟ್ಟಿದ್ದ. ಗೋಡೆಯ ಮೇಲಿನ ಚಿತ್ರದಲ್ಲಿ ಚಂದ್ರ ಕಂಡಾಗ ಒಬ್ಬರಾದರೂ ಹುಬ್ಬು ಹಾರಿಸಲಿಲ್ಲ.

ರಂಜಿನಿಯ ಮನೆಗೆ ಆ ಕ್ಯಾಲೆಂಡರು ಯಾವತ್ತೂ ಬರಲಿಲ್ಲ. ಕೊಡುವವರು ಅವರ ಕೇರಿಗೆ ಬರುತ್ತಿರಲಿಲ್ಲ. ಅವರ ಮನೆಯ ಗೋಡೆಯಲ್ಲಿ ಇದ್ದುದು ಕಣ್ಮುಚ್ಚಿ ಕೂತ ಬುದ್ಧ.

ಆದರೆ ಅವಳ ಅಪ್ಪ ಮರಿಯಯ್ಯ ಮಠದ ಊಟಕ್ಕೆ ಬಾಳೆಎಲೆ ಹೊತ್ತು ತರುತ್ತಿದ್ದ. ಎಲೆ ಎಣಿಸಿಕೊಳ್ಳುವವರೆಗೆ ಅಂಗಳದಲ್ಲಿ ಕಾಯಬೇಕು. ಅವನ ಬೆರಳು ಹಿಡಿದು ನಿಂತ ಪುಟ್ಟ ರಂಜಿನಿಗೆ ತೆರೆದ ಬಾಗಿಲಿನಾಚೆ ಆ ಚಿತ್ರ ಕಾಣುತ್ತಿತ್ತು. ಹಿಮವನ್ನು ಅವಳು ಅನ್ನದ ರಾಶಿ ಎಂದುಕೊಂಡಿದ್ದಳು. ಅಷ್ಟೊಂದು ಅನ್ನ ಕಂಡೂ ಒಂದು ಕಾಗೆಯೂ ಬಂದಿಲ್ಲವಲ್ಲ ಎಂದು ಆಕಾಶವನ್ನೆಲ್ಲ ಹುಡುಕುತ್ತಿದ್ದಳು. ಆಕಾಶದಲ್ಲಿ ಏನೂ ಇರುತ್ತಿರಲಿಲ್ಲ.

“ನಾನು ಚಿಕ್ಕೋಳಿದ್ದಾಗ ನೋಡಿದ್ದೀನಿ ಸಾರ್. ಚಂದ್ರ ಇರ್ಲಿಲ್ಲ.”

“ಒಳಗೆ ಬಂದು ನೋಡಿದ್ರಾ?” ಶಂಕರನಾರಾಯಣರ ದನಿ ಮೆತ್ತಗೇ ಇತ್ತು.

ಅವಳ ಕೆನ್ನೆ ಬಿಸಿಯಾಯಿತು. ತಲೆ ತಗ್ಗಿಸುವ ಕಾಲ ಎಂದೋ ಮುಗಿದಿತ್ತು.

“ಇಲ್ಲ. ನೀವು ಬಿಡ್ತಿರ್ಲಿಲ್ವಲ್ಲ. ಅಂಗಳದಲ್ಲಿ ನಿಂತು ನೋಡ್ದೆ. ಗಂಟೆಗಟ್ಟಲೆ ನೋಡ್ದೆ. ನೋಡೋದು ಬಿಟ್ಟು ಬೇರೆ ಕೆಲಸ ಏನಿತ್ತು ನನಗೆ?”

ಶಂಕರನಾರಾಯಣರು ಶಲ್ಯ ಸರಿಪಡಿಸಿಕೊಂಡರು. ರಾಜೇಂದ್ರ ಕೆಮ್ಮಿದ.

“ಆಯ್ತಮ್ಮ ರಂಜಿನಿ, ಇರ್ಲಿಲ್ಲ ಅಂತಾನೇ ಇಟ್ಕೊಳ್ಳೋಣ. ಅದ್ರಿಂದೇನಾಯ್ತು? ಮಾದೇಶ ಮನೇಲಿ ಕ್ಯಾಲೆಂಡರ್ ಇಟ್ಕೊಂಡು ಬರೆದಿದ್ದಾನೆ. ಇಲ್ಲಿಂದ ಅಸಲಿ ಎತ್ತಿದ್ದಾನೆ. ಮುಗೀತು.”

“ವಾರಗಟ್ಟಲೆ ಅಸಲಿ ಚಿತ್ರದ ಎದುರು ಕೂತಿದ್ದೋನು, ಅದ್ರಲ್ಲಿ ಇಲ್ದೇ ಇರೋ ಚಂದ್ರನ್ನ ಯಾಕ್ ಬರೀತಾನೆ ಸಾರ್? ನೋಡ್ದೇ ಇದ್ದೋನು ಬರೆದಿರೋದು ಇದು. ದೂರದಲ್ಲೆಲ್ಲೋ ಕೂತ್ಕೊಂಡು, ಯಾರೋ ಕಳಿಸಿದ ಕ್ಯಾಲೆಂಡರ್ ನಂಬ್ಕೊಂಡು.”

“ಇದನ್ನ ಜಡ್ಜ್ ಮುಂದೆ ಹೇಳು, ನಗ್ತಾರೆ.”

“ಅದಕ್ಕೇ ಇನ್ನೊಬ್ಬರನ್ನ ಕೇಳ್ತೀನಿ,” ಎಂದು ರಂಜಿನಿ ಬಾಗಿಲ ಕಡೆ ತಿರುಗಿ ಕೂಗಿದಳು. “ಅಮ್ಮಾ, ಸ್ವಲ್ಪ ಬರ್ತೀರಾ?”

ಲಕ್ಷ್ಮೀದೇವಮ್ಮ ಬಂದರು. ಶಂಕರನಾರಾಯಣರ ಅಕ್ಕ. ಗಂಡ ತೀರಿಕೊಂಡ ಮೇಲೆ ಮಠದ ಹಿಂದಿನ ಮನೆಗೆ ಬಂದವರು, ಚಿತ್ರಶಾಲೆಯ ದೀಪವನ್ನು ಅಂದಿನಿಂದ ಬೇರೆಯವರ ಕೈಗೆ ಕೊಟ್ಟಿಲ್ಲ. ನಾಲ್ಕು ದಿನಗಳಿಂದ ಬೀಗ ಬಿದ್ದು ಆರತಿ ನಿಂತಿದ್ದಕ್ಕೆ ಪೊಲೀಸರ ಮೇಲೆ ಅವರಿಗೆ ಕೆಂಡದಂಥ ಕೋಪ. ಹೊಸ್ತಿಲು ದಾಟಿದವರೇ ಚಿತ್ರದ ಕಡೆ ಕಣ್ಣೆತ್ತಿದರು. ಅಲ್ಲೇ ನಿಂತುಬಿಟ್ಟರು.

“ಅಯ್ಯೋ ಶಿವನೇ. ಇದ್ಯಾವ್ದೋ ಇದು?”

“ಯಾಕಕ್ಕ?” ಎಂದರು ಶಂಕರನಾರಾಯಣ. “ನಮ್ಮ ಕೈಲಾಸ.”

“ನಮ್ಮದಲ್ಲ. ನಮ್ಮದಕ್ಕೆ ಚಂದ್ರ ಎಲ್ಲಿತ್ತು? ಇದ್ದಿದ್ರೆ ಆ ಪ್ರೆಸ್ಸಿನ ಹುಡುಗನ ಹತ್ರ ನಾನ್ಯಾಕೆ ಅಷ್ಟು ಜಗಳ ಆಡ್ತಿದ್ದೆ?”

“ಅಕ್ಕನಿಗೆ ಕಣ್ಣು ಮಂಜು,” ಶಂಕರನಾರಾಯಣ ಪೊಲೀಸರ ಕಡೆ ತಿರುಗಿ ನಯವಾಗಿ ಹೇಳಿದರು. “ವಯಸ್ಸಾಯ್ತು ನೋಡಿ.”

“ಮಂಜಾ? ನಿನ್ನ ಶಲ್ಯಕ್ಕೆ ಬೆಳಿಗ್ಗೆ ಚೆಲ್ಲಿಕೊಂಡ ಸಾರಿನ ಕಲೆ ಇದೆ, ಎಡಗಡೆ. ಹೇಳ್ಲಾ ಇನ್ನೂ?” ಮುದುಕಿ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡರು. “ದಿನಾ ದೀಪ ಮೇಲಕ್ಕೆತ್ತಿದಾಗ್ಲೆಲ್ಲ ಆ ಬರೀ ಆಕಾಶ ನೋಡಿ ಹೊಟ್ಟೆ ಉರ್ಕೊಂಡೋಳು ಕಣೋ ನಾನು. ನನಗೆ ಹೇಳ್ಕೊಡ್ತೀಯಾ?”

ದಿವ್ಯಳಿಗೆ ನಗು ಬರಬೇಕಿತ್ತು. ಅವಳು ನಗಲಿಲ್ಲ. ಹೇಳಿಕೆ ಬರೆದುಕೊಳ್ಳಲು ಹಾಳೆಗಳನ್ನು ಹರಡಿಕೊಂಡು ಮೂಲೆಯ ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು.

“ಅಮ್ಮಾ,” ರಂಜಿನಿ ಹತ್ತಿರ ಹೋಗಿ ಕೇಳಿದಳು. “ಚಂದ್ರ ಇಲ್ಲದ ಚಿತ್ರಾನ ನೀವು ಕಡೇ ಸಲ ನೋಡಿದ್ದು ಯಾವಾಗ? ಹೋದ ವರ್ಷ, ಮಾದೇಶ ಇಲ್ಲಿ ಕೆಲಸ ಮಾಡ್ತಿದ್ದಾಗ್ಲಾ?”

“ಹೋದ ವರ್ಷ ಯಾಕಮ್ಮ? ಈ ಸೋಮವಾರ.”

ಮುದುಕಿ ಚಿತ್ರದ ಕಡೆ ಕೈ ಮಾಡಿದರು.

“ಆ ಬೆಂಗಳೂರಿನೋನು ಬಂದಿದ್ದನಲ್ಲ, ಕನ್ನಡಕದೋನು. ದೀಪ ಹಿಡೀರಮ್ಮ ಅಂದ. ನಾನೇ ಹಿಡಿದೆ. ಮೇಲೆ, ಇನ್ನೂ ಮೇಲೆ ಅಂದ. ಆಕಾಶದ ತನಕ ಎತ್ತಿದೆ. ಖಾಲಿ. ಇಷ್ಟೆಲ್ಲ ತಿಳಿದೋನು ಇಲ್ಲೊಂದು ಚಂದ್ರ ಬರೆದು ಕೊಡಬಾರ್ದೇ ಅಂತ ಮನಸ್ಸಲ್ಲೇ ಅಂದ್ಕೊಂಡೆ. ಅಷ್ಟರಲ್ಲಿ ಅವನು ನಕಲಿ ಅಂತ ಕಿರುಚಿದ.”

ರಂಜಿನಿ ಮತ್ತೊಮ್ಮೆ ಚಿತ್ರದ ಕಡೆ ತಿರುಗಿದಳು. ಆಮೇಲೆ ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಕಂಡಿತು.

ಆ ತಜ್ಞ ನಕಲಿ ಎಂದದ್ದು ಅಸಲಿ ಚಿತ್ರವನ್ನು! ಒಮ್ಮೆ ನಕಲಿ ಎನಿಸಿಕೊಂಡ ಮೇಲೆ ಅದನ್ನು ಯಾರು ಕಾಯುತ್ತಾರೆ? ಬಟ್ಟೆ ಹೊದಿಸಿದರು, ಬೀಗ ಹಾಕಿದರು. ಕಳ್ಳ ಸಿಕ್ಕ ಎಂದು ಎಲ್ಲರೂ ಮಾದೇಶನ ಕಡೆ ತಿರುಗಿದರು. ಅಸಲಿ ಹೋಗಿ ಈ ಚಂದ್ರನ ಚಿತ್ರ ಬಂದು ಕೂತದ್ದು ಆಮೇಲೆ. ಮುಂದಿನ ವಾರ ಲ್ಯಾಬಿನವರು ಬಂದು ಪರೀಕ್ಷಿಸಿದರೆ ನಕಲಿ ಎಂದೇ ಹೇಳುತ್ತಾರೆ. ತಜ್ಞನ ಮಾತೂ ನಿಜವಾಗುತ್ತದೆ, ಮಾದೇಶನ ಕಥೆಯೂ ಮುಗಿಯುತ್ತದೆ.

ಮತ್ತು ಆ ಹೊತ್ತಿನಲ್ಲೆಲ್ಲ ಮಾದೇಶ ಲಾಕಪ್ಪಿನಲ್ಲಿದ್ದ.

“ಮಾದೇಶ ಅಲ್ಲ ಸಾರ್!” ಅವಳ ದನಿ ಚಿತ್ರಶಾಲೆಯಲ್ಲಿ ಮೊಳಗಿತು. “ಅವನಾಗಿರೋಕೆ ಸಾಧ್ಯಾನೇ ಇಲ್ಲ. ಶಂಕರನಾರಾಯಣ ಸಾರ್, ಆ ತಜ್ಞರ ಫೋನು ಆವತ್ತಿಂದ ಸ್ವಿಚ್ ಆಫ್ ಇದೆ. ಅವರನ್ನ ಕರೆಸಿದ್ದು ಯಾರು?”

ಶಂಕರನಾರಾಯಣರು ಬಾಯಿ ತೆರೆದರು. ಅವರ ಕಣ್ಣು ಒಮ್ಮೆ ರಾಜೇಂದ್ರನ ಮೇಲೆ ಹರಿದು ಹಿಂದಿರುಗಿತು. ಬಾಯಿ ಮುಚ್ಚಿಕೊಂಡರು.

ರಾಜೇಂದ್ರ ನಿಂತಲ್ಲಿಂದ ಕದಲಿದ. ನಿಧಾನವಾಗಿ ಹೋಗಿ ಬಾಗಿಲನ್ನು ಮುಂದೆ ಮಾಡಿ ಬಂದ. ಈ ಸಲ ಅವನ ಮಾತಿನಲ್ಲಿ ಗದರಿಕೆ ಇರಲಿಲ್ಲ. ತಂಗಿಗೆ ಬುದ್ಧಿ ಹೇಳುವವನ ಹಾಗೆ ಹೇಳಿದ.

“ನೋಡಮ್ಮ. ಸೋಮವಾರ ಸಂಜೆ ಬಾಗಿಲಿಗೆ ಬೀಗ ಬಿತ್ತು, ಅಲ್ಲೀವರೆಗೂ ಇಲ್ಲಿ ಜನ ಕಿಕ್ಕಿರಿದಿದ್ರು. ಮಠದ ಕೀನೂ ಇಸ್ಕೊಂಡೆ ನೀನು. ಎರಡೂ ಕೀ ಯಾರ ಹತ್ರ ಇತ್ತು?”

“ನನ್ನ ಹತ್ರ.”

“ಅರಗಿನ ಮುದ್ರೆ?”

“ಠಾಣೇಲಿ. ಅದೂ ನನ್ನ ಸುಪರ್ದಿನಲ್ಲಿ.”

“ನಿನ್ನೆ ಒಡೆದಾಗ ಮುದ್ರೆ ಸರಿಯಾಗಿತ್ತು ಅಂತ ಮಹಜರಲ್ಲಿ ಸೈನ್ ಹಾಕ್ದೋಳು?”

“ನಾನೇ.”

“ಅಲ್ಲಿಗೆ ಚಿತ್ರ ಹೋಗಿದ್ದು ನಿನ್ನ ಬೀಗದ ಒಳಗಿಂದ. ಈ ಅಮ್ಮನ ಮಾತು ಹಾಳೆ ಮೇಲೆ ಬಂದ್ರೆ ಮಾದೇಶ ಸಂಜೆ ಮನೆಗೆ ಹೋಗ್ತಾನೆ. ನೀನು ಒಳಗೆ ಹೋಗ್ತೀಯ. ಬರೀ ಸಸ್ಪೆನ್ಷನ್ ಅಲ್ಲ, ಅರೆಸ್ಟ್. ನಾನೇ ಮಾಡ್ಬೇಕಾಗುತ್ತೆ.” ಅವನು ದನಿ ತಗ್ಗಿಸಿದ. “ಒಂದೆರಡು ತಿಂಗಳಲ್ಲಿ ಅವನಿಗೆ ಬೇಲ್ ಆಗುತ್ತೆ, ನಾನೇ ನೋಡ್ಕೋತೀನಿ. ಚಂದ್ರನ ವಿಷಯ ಇಲ್ಲಿಗೇ ಬಿಟ್ಬಿಡು. ಕೇರಿಯಿಂದ ಎದ್ದು ಬಂದು ಈ ಡ್ರೆಸ್ ಹಾಕ್ಕೊಂಡಿದ್ದೀಯ. ಯಾರೋ ಒಬ್ಬ ಪೇಂಟರಿಗೋಸ್ಕರ ಕಳ್ಕೋಬೇಡ.”

ರಂಜಿನಿಗೆ ಹೆದರಿಕೆಯಾಯಿತು. ಆಗಲಿಲ್ಲ ಎಂದರೆ ಸುಳ್ಳು. ಅಪ್ಪನ ಮುಖ ನೆನಪಾಯಿತು. ಮಗಳು ಮೊದಲ ಸಲ ಖಾಕಿ ತೊಟ್ಟು ಬಂದ ದಿನ ಅವನು ಇಡೀ ಊರಿಗೆ ಮೈಸೂರುಪಾಕು ಹಂಚಿದ್ದ. ಅದೇ ಊರಿನ ಮುಂದೆ ಅವಳ ಕೈಗೆ ಕೋಳ ಬಿದ್ದರೆ ಅವನು ತಡೆದುಕೊಂಡಾನೆಯೇ?

ಆಮೇಲೆ ಹೊಂಗೆಮರದಡಿಯ ಪಾಪಮ್ಮ ನೆನಪಾದಳು. ನಾನಳಕ್ಕಿಲ್ಲ ಎಂದವಳು.

“ಸಾರ್,” ಎಂದಳು ರಂಜಿನಿ, “ಈ ಡ್ರೆಸ್ಸು ನನಗೆ ಯಾರೂ ದಾನ ಕೊಟ್ಟಿಲ್ಲ. ಕಳ್ಕೊಂಡ್ರೆ ಕಳ್ಕೋತೀನಿ. ಒಬ್ಬ ನಿರಪರಾಧೀನ ಮೆಟ್ಕೊಂಡು ನಿಂತು ಉಳಿಸ್ಕೊಳ್ಳಲ್ಲ.”

“ಯೋಚ್ನೆ ಮಾಡು.”

“ಮಾಡಾಯ್ತು. ನನ್ನ ಬೀಗದ ಒಳಗಿಂದ ಹೋಗಿದ್ರೆ, ನನ್ನ ಬೀಗ ತೆಗೆದ ಕೈ ಯಾವ್ದು ಅಂತ ನಾನೇ ಹುಡುಕ್ತೀನಿ. ಜೈಲಲ್ಲಿ ಕೂತಾದ್ರೂ ಹುಡುಕ್ತೀನಿ.”

“ಬರೆಸಮ್ಮ ನೀನು,” ಎಂದರು ಲಕ್ಷ್ಮೀದೇವಮ್ಮ. “ನಾನು ಎಲ್ಲಿಗೆ ಕರೆದ್ರೂ ಬಂದು ಹೇಳ್ತೀನಿ. ಇವರಪ್ಪನಿಗೂ ಹೆದರಲ್ಲ.”

“ಅಕ್ಕಾ!” ಎಂದರು ಶಂಕರನಾರಾಯಣ.

“ನೀನು ಸುಮ್ನಿರೋ.”

ರಂಜಿನಿ ಮೂಲೆಯ ಕಡೆ ತಿರುಗಿದಳು.

“ದಿವ್ಯಾ, ಬರ್ಕೋ. ಸೋಮವಾರ ತಜ್ಞರು ನೋಡಿದ ಚಿತ್ರದಲ್ಲಿ ಚಂದ್ರ ಇರಲಿಲ್ಲ. ಈಗ ಇರುವ ಚಿತ್ರದಲ್ಲಿ ಇದೆ. ಆದ್ದರಿಂದ ಬೀಗಮುದ್ರೆ ಹಾಕಿದ ನಂತರ ಚಿತ್ರ ಬದಲಾಗಿದೆ…”

ದಿವ್ಯಳ ಪೆನ್ನು ಓಡಿತು. ‘ನಂತರ’ ಎಂಬಲ್ಲಿ ನಿಂತಿತು.

“ಯಾಕೆ? ಬರಿ.”

ದಿವ್ಯ ತಲೆಯೆತ್ತಿದಳು. ಕಣ್ಣು ತುಂಬಿದ್ದವು. ದನಿ ಮಾತ್ರ ನಡುಗಲಿಲ್ಲ.

“ನಂತರ ಅಂತ ಬೇಡ ಮೇಡಂ. ಬುಧವಾರ ಮಧ್ಯಾಹ್ನ ಅಂತ ಬರೀತೀನಿ.”

ಯಾವ ದಿನವೆಂದು ಅಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ರಂಜಿನಿಗೆ ತಟ್ಟನೆ ನೆನಪಾಯಿತು. ಬುಧವಾರ ಅವಳು ಮೈಸೂರಿನ ಕೋರ್ಟಿಗೆ ಹೋಗಿದ್ದಳು. ಹೋಗುವಾಗ, ಮುದ್ರೆಯಿಟ್ಟ ಪೆಟ್ಟಿಗೆಯ ಕೀಯೂ ಸೇರಿದ್ದ ಕೀಗೊಂಚಲನ್ನು ಎಂದಿನಂತೆ ದಿವ್ಯಳ ಕೈಗೆ ಹಾಕಿದ್ದಳು.

“ದಿವ್ಯಾ…”

ಆದರೆ ದಿವ್ಯ ಅವಳನ್ನು ನೋಡುತ್ತಿರಲಿಲ್ಲ. ಪೆನ್ನನ್ನು ಹಾಳೆಯ ಮೇಲೆ ಅದುಮಿ ಹಿಡಿದು, ರೆಪ್ಪೆ ಬಡಿಯದೆ, ಇನ್‌ಸ್ಪೆಕ್ಟರ್ ರಾಜೇಂದ್ರನನ್ನೇ ನೋಡುತ್ತಿದ್ದಳು.

“ಕೀ ಇಸ್ಕೊಂಡೋರ ಹೆಸರೂ ಬರೀಲಾ ಸಾರ್?”